ಕಸರತ್ತು ಕಲಿಸಿದ ಮೇಷ್ಟ್ರಿಗೇ ಶ್ವಾಸಕೋಶ ಕೈಕೊಟ್ಟಿದ್ದೇಕೆ? ಮುದ್ದಣನ ಬದುಕು ಮತ್ತು ಉಸಿರಾಟದ ಫಾರ್ವರ್ಡ್‌ಗಳು

10 ಸೆಕೆಂಡ್ ಉಸಿರು ಹಿಡಿದು ಕೆಮ್ಮು ಬಾರದಿದ್ದರೆ ನಿಮ್ಮ ಶ್ವಾಸಕೋಶ ಗಟ್ಟಿ ಎನ್ನುವ ಸಂದೇಶ ಕೊರೊನಾ ಕಾಲದಲ್ಲಿ ಎಲ್ಲ ಗ್ರೂಪ್‌ಗಳಲ್ಲೂ ಓಡಾಡಿತ್ತು. ಅದು ಸುಳ್ಳು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿತು. ಆದರೂ ಮೈ ಗಟ್ಟಿಯಿದ್ದರೆ ಶ್ವಾಸಕೋಶಕ್ಕೆ ಏನೂ ಆಗದು, ಉಸಿರಾಟದ ವ್ಯಾಯಾಮವೊಂದೇ ಸಾಕು ಎಂಬ ನಂಬಿಕೆ ಇನ್ನೂ ಹೋಗಿಲ್ಲ. ನಮ್ಮ ಕರಾವಳಿಯದೇ ಒಬ್ಬ ಕವಿಯ ಬದುಕು ಇದಕ್ಕೆ ಉತ್ತರ ಕೊಡುತ್ತದೆ.

ಯಾರು ಈ ಮುದ್ದಣ?

ನಿಜವಾದ ಹೆಸರು ಲಕ್ಷ್ಮೀನಾರಾಯಣ. ಹುಟ್ಟಿದ್ದು 1870ರಲ್ಲಿ, ಕಾರ್ಕಳ ಬಳಿಯ ನಂದಳಿಕೆಯಲ್ಲಿ. ಮನೆಯಲ್ಲಿ ಬಡತನ. ಇಂಗ್ಲಿಷ್ ಓದಲು ಉಡುಪಿಗೆ ಬಂದರೂ ಓದು ಮುಂದುವರಿಯಲಿಲ್ಲ. ವ್ಯಾಯಾಮ ಶಿಕ್ಷಣದ ತರಬೇತಿಗಾಗಿ ಮದ್ರಾಸಿಗೆ ಹೋಗಿ ಬಂದು ಡ್ರಿಲ್ ಮೇಷ್ಟ್ರಾದರು. ಉಡುಪಿಯಲ್ಲಿ ಮತ್ತು ಕೆಲಕಾಲ ಕುಂದಾಪುರದಲ್ಲಿ ಮಕ್ಕಳಿಗೆ ಕಸರತ್ತು ಕಲಿಸಿದರು.

ಹಗಲು ಡ್ರಿಲ್, ಉಳಿದ ಹೊತ್ತು ಬರವಣಿಗೆ. ಮೊದಲು ಯಕ್ಷಗಾನ ಪ್ರಸಂಗಗಳು, ಆಮೇಲೆ ಅದ್ಭುತ ರಾಮಾಯಣ, ಶ್ರೀರಾಮ ಪಟ್ಟಾಭಿಷೇಕ, ರಾಮಾಶ್ವಮೇಧ. ತನ್ನ ಕೃತಿಗಳನ್ನು ಹಳೆಯ ಕವಿಯದೆಂದು ಹೇಳಿ ಮೈಸೂರಿನ ಪತ್ರಿಕೆಗೆ ಕಳುಹಿಸಿದರು. ಬರೆದವರು ಇವರೇ ಎಂಬುದು ಲೋಕಕ್ಕೆ ಗೊತ್ತಾಗಿದ್ದು ಅವರು ಹೋದ ಮೇಲೆ. ರಾಮಾಶ್ವಮೇಧದ ಮುದ್ದಣ-ಮನೋರಮೆಯರ ಸಲ್ಲಾಪವನ್ನು ಇಂದಿಗೂ ಓದುತ್ತೇವೆ. 1901ರ ಫೆಬ್ರವರಿಯಲ್ಲಿ, ಬರೀ 31ನೇ ವಯಸ್ಸಿಗೆ, ಅವರನ್ನು ಕ್ಷಯ ಕೊಂಡೊಯ್ದಿತು.

ವ್ಯಾಯಾಮ ಏಕೆ ಕಾಪಾಡಲಿಲ್ಲ?

ಕ್ಷಯ ಬರುವುದು ಬ್ಯಾಕ್ಟೀರಿಯಾದಿಂದ. ಈ ರೋಗಾಣುವನ್ನು ರಾಬರ್ಟ್ ಕಾಖ್ 1882ರಲ್ಲಿ ತೋರಿಸಿಕೊಟ್ಟಾಗ ಮುದ್ದಣನಿಗೆ 12 ವರ್ಷ. ರೋಗಾಣು ಗೊತ್ತಾಯಿತು, ಕೊಲ್ಲುವ ಮದ್ದು ಸಿಗಲಿಲ್ಲ. ಮೊದಲ ಪರಿಣಾಮಕಾರಿ ಔಷಧ ಸ್ಟ್ರೆಪ್ಟೊಮೈಸಿನ್ ಪತ್ತೆಯಾಗಿದ್ದು 1943ರಲ್ಲಿ, ಅವರು ತೀರಿಕೊಂಡು 42 ವರ್ಷಗಳ ನಂತರ. ದಂಡ-ಬೈಠಕ್ ಆಗಲಿ, ಪ್ರಾಣಾಯಾಮವಾಗಲಿ, ಬಿಸಿನೀರಿನ ಹಬೆಯಾಗಲಿ ಈ ರೋಗಾಣುವನ್ನು ಕೊಲ್ಲುವುದಿಲ್ಲ. ಈಗ ಮದ್ದಿದೆ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಸಾಮಾನ್ಯ ಕ್ಷಯಕ್ಕೆ ಸುಮಾರು 6 ತಿಂಗಳು, ನಡುವೆ ಬಿಡದೆ ತೆಗೆದುಕೊಳ್ಳಬೇಕು.

ಹಾಗಾದರೆ ಉಸಿರಾಟದ ವ್ಯಾಯಾಮ ದಂಡವೇ?

ಖಂಡಿತ ಅಲ್ಲ. ಕ್ಷಯ ವಾಸಿಯಾದ ಮೇಲೂ ಕೆಲವರ ಶ್ವಾಸಕೋಶದಲ್ಲಿ ಕಲೆ ಉಳಿದು ಏದುಸಿರು ಬರುತ್ತದೆ. ಬೀಡಿ, ಸಿಗರೇಟು, ವರ್ಷಗಟ್ಟಲೆ ಒಲೆಯ ಹೊಗೆಯಿಂದ ಸಿಒಪಿಡಿ ಬರುತ್ತದೆ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಎಷ್ಟೋ ಮನೆಗಳ ಬಚ್ಚಲಿನಲ್ಲಿ ಈಗಲೂ ಕಟ್ಟಿಗೆ, ತೆಂಗಿನ ಗರಿ ಉರಿಯುತ್ತದೆ. ಇಂಥ ಅಪ್ಪಯ್ಯನಿಗೋ ಅಮ್ಮನಿಗೋ ಉಸಿರಾಟದ ಅಭ್ಯಾಸ ನಿಜಕ್ಕೂ ಆಸರೆ. ಅದು ರೋಗವನ್ನು ತೆಗೆಯುವುದಿಲ್ಲ, ಏದುಸಿರಿನ ಕಷ್ಟವನ್ನು ಕಡಿಮೆ ಮಾಡುತ್ತದೆ. ಇನ್‌ಹೇಲರ್ ಬದಲಿಗೆ ಅಲ್ಲ, ಅದರ ಜೊತೆಗೆ.

ಮನೆಯಲ್ಲಿ ಹೀಗೆ ಮಾಡಿಸಿ

• ಕುರ್ಚಿಯಲ್ಲಿ ಕೂರಿಸಿ, ಸ್ವಲ್ಪ ಮುಂದೆ ಬಾಗಿಸಿ, ಮೊಣಕೈಗಳನ್ನು ತೊಡೆಯ ಮೇಲೆ ಇಡಿಸಿ. ಹೆಗಲು ಸಡಿಲವಿರಲಿ.
• ಮೂಗಿನಿಂದ 2 ಎಣಿಸುವಷ್ಟು ಹೊತ್ತು ಉಸಿರು ಎಳೆಯಲಿ. ದೀಪ ಆರದಂತೆ ಮೆಲ್ಲಗೆ ಊದುವ ಹಾಗೆ ತುಟಿ ಕೂಡಿಸಿ, 4 ಎಣಿಸುವಷ್ಟು ಹೊತ್ತು ಬಿಡಲಿ. ಬಲವಂತ ಬೇಡ.
• ಮೆಟ್ಟಿಲು ಹತ್ತುವಾಗ, ಕೊಡ ಎತ್ತುವಾಗ ಉಸಿರು ಬಿಡುತ್ತಾ ಶ್ರಮದ ಕೆಲಸ ಮಾಡಲಿ.
• ಆರಾಮವಿದ್ದಾಗಲೇ ದಿನವೂ ರೂಢಿ ಮಾಡಿಸಿ. ಏದುಸಿರು ಬಂದಾಗ ಹೊಸದಾಗಿ ಕಲಿಯಲಾಗದು.

ಇದು ಕೆಲಸ ಮಾಡುವುದು ಹೇಗೆ? ಸಿಒಪಿಡಿಯಲ್ಲಿ ಉಸಿರು ಬಿಡುವಾಗ ಸಣ್ಣ ಗಾಳಿನಾಳಗಳು ಬೇಗ ಮುಚ್ಚಿಕೊಂಡು ಹಳೆಯ ಗಾಳಿ ಒಳಗೇ ಉಳಿಯುತ್ತದೆ. ಹೊಸ ಗಾಳಿಗೆ ಜಾಗವಿರುವುದಿಲ್ಲ. ತುಟಿ ಕೂಡಿಸಿ ಬಿಟ್ಟಾಗ ಒಳಗಿನ ಒತ್ತಡ ನಾಳಗಳನ್ನು ತೆರೆದಿಡುತ್ತದೆ, ಗಾಳಿ ಹೊರಬೀಳುತ್ತದೆ.

ಏದುಸಿರು ಇರುವವರಿಗೆ ಕಪಾಲಭಾತಿ, ದೀರ್ಘಕಾಲ ಉಸಿರು ಹಿಡಿಯುವುದನ್ನು ವೈದ್ಯರನ್ನು ಕೇಳದೆ ಮಾಡಿಸಬೇಡಿ.

ಯಾವಾಗ ಕಾಯಬಾರದು?

ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ, ತೂಕ ಇಳಿಕೆ ಇದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕಫ ಪರೀಕ್ಷೆ ಮಾಡಿಸಿ. ಕಫದಲ್ಲಿ ರಕ್ತ ಕಂಡರೆ ಅಂದೇ ವೈದ್ಯರಿಗೆ ತೋರಿಸಿ. ತುಟಿ ನೀಲಿಯಾದರೆ, ಒಂದು ವಾಕ್ಯ ಪೂರ್ತಿ ಮಾತಾಡಲಾಗದಿದ್ದರೆ, ಮಂಪರು ಬಂದರೆ ತಕ್ಷಣ 108ಕ್ಕೆ ಕರೆ ಮಾಡಿ.

ಮುದ್ದಣನ ಕಾಲದಲ್ಲಿ ಮದ್ದೇ ಇರಲಿಲ್ಲ. ಇಂದು ಮದ್ದಿದ್ದೂ, ಒಂದು ಫಾರ್ವರ್ಡ್ ನಂಬಿ ತಡಮಾಡಿದರೆ ನಷ್ಟ ನಮ್ಮ ಮನೆಯ ಹಿರಿಯರಿಗೆ. ಮುಂದಿನ ಸಲ ಉಸಿರು ಹಿಡಿಯುವ ಪರೀಕ್ಷೆಯ ಸಂದೇಶ ಬಂದರೆ ಗ್ರೂಪಿನಲ್ಲಿ ಇದನ್ನು ಹಾಕಿ.