ಟ್ರೆಲ್ಯೂನಿಂದ ಕೊಮೊಡೊರೊಗೆ ಎಷ್ಟು ಗಂಟೆ?

ಎರಡು ಬ್ಯಾಕ್‌ಲಾಗ್ ಹೊತ್ತು ರಜೆಗೆ ಊರಿಗೆ ಬಂದಾಗ, ಪಠ್ಯಪುಸ್ತಕ ಬದಿಗಿಟ್ಟು ಓದಿದ್ದು ಆಂಟ್ವಾನ್ ದ ಸೇಂಟ್ ಎಕ್ಸೂಪೆರಿಯ ಜೀವನವನ್ನು. 'ದಿ ಲಿಟಲ್ ಪ್ರಿನ್ಸ್' ಬರೆದವನು ಎಂದು ಗೊತ್ತಿತ್ತು. ನಮ್ಮ ಹಾಗೆ ಫೇಲಾದವನು ಎಂದು ಗೊತ್ತಿರಲಿಲ್ಲ.

1900ರಲ್ಲಿ ಫ್ರಾನ್ಸಿನ ಲಿಯಾನ್‌ನಲ್ಲಿ ಹುಟ್ಟಿದ. ನೌಕಾಪಡೆ ಶಾಲೆಯ ಪ್ರವೇಶ ಪರೀಕ್ಷೆ ಪಾಸಾಗಲಿಲ್ಲ. ವಾಸ್ತುಶಿಲ್ಪ ಓದಲು ಹೋಗಿ ಡಿಗ್ರಿ ಪಡೆಯಲಿಲ್ಲ. ಸೈನ್ಯದಲ್ಲಿದ್ದಾಗ ವಿಮಾನ ಹಾರಿಸಲು ಕಲಿತರೂ ಆಮೇಲೆ ಹೊಟ್ಟೆಪಾಡಿಗೆ ಲಾರಿ ಮಾರುವ ಕೆಲಸ ಹಿಡಿದ. ಮಾರಾಟವಾಗಿದ್ದು ಒಂದೇ ಲಾರಿ ಎನ್ನುತ್ತಾರೆ! 1926ರಲ್ಲಿ ಟೂಲೂಸ್‌ನ ಅಂಚೆ ವಿಮಾನ ಕಂಪನಿಗೆ ಸೇರಿದಾಗ ಮೊದಲು ಸಿಕ್ಕಿದ್ದು ಕಾಕ್‌ಪಿಟ್ ಅಲ್ಲ, ಎಂಜಿನ್ ತೊಳೆಯುವ ಕೆಲಸ. ಮರುವರ್ಷ ಸಹಾರಾದ ಅಂಚಿನ ಕ್ಯಾಪ್ ಜೂಬಿ ಎಂಬ ಒಂಟಿ ವಿಮಾನ ನಿಲ್ದಾಣದ ಮುಖ್ಯಸ್ಥನಾದ. ಒಂದು ಕಡೆ ಸಮುದ್ರ, ಉಳಿದೆಲ್ಲ ಮರಳು. ಮರುಭೂಮಿಯಲ್ಲಿ ಇಳಿದು ಸಿಕ್ಕಿಬಿದ್ದ ಪೈಲಟ್‌ಗಳನ್ನು ಕರೆತರುವುದೂ ಅವನ ಕೆಲಸವೇ.

1929ರಲ್ಲಿ ಆತ ಅರ್ಜೆಂಟೀನಾಕ್ಕೆ ಹೋದ. ಪ್ಯಾಟಗೋನಿಯಾಕ್ಕೆ ಅಂಚೆ ಮಾರ್ಗ ತೆರೆಯಬೇಕಿತ್ತು. ಅಲ್ಲಿನ ಟ್ರೆಲ್ಯೂ, ಕೊಮೊಡೊರೊ ರಿವದಾವಿಯಾ ಎಂಬ ಎರಡು ನಿಲ್ದಾಣಗಳ ನಡುವೆ ನೇರವಾಗಿ ಸುಮಾರು 340 ಕಿ.ಮೀ. (ಕೊಮೊಡೊರೊದಲ್ಲಿ 1907ರಲ್ಲಿ ನೀರಿಗಾಗಿ ಕೊರೆದಾಗ ಎಣ್ಣೆ ಸಿಕ್ಕಿತ್ತು. ನಮ್ಮೂರ ಬೋರ್‌ವೆಲ್‌ಗೆ ನೀರೂ ಸಿಗುವುದಿಲ್ಲ, ಬಿಡಿ.) ಗಂಟೆಗೆ 150 ಕಿ.ಮೀ. ಹಾರುವ ವಿಮಾನವಾದರೆ ಎರಡೂಕಾಲು ಗಂಟೆ ಸಾಕು. ಇದು ಕಾಗದದ ಲೆಕ್ಕ. ಎದುರಿನಿಂದ 100 ಕಿ.ಮೀ. ವೇಗದ ಗಾಳಿ ಬೀಸಿದರೆ ನೆಲದ ಮೇಲಿನ ವೇಗ ಉಳಿಯುವುದು 50 ಮಾತ್ರ. ಆಗ ಅದೇ ದೂರಕ್ಕೆ ಹತ್ತಿರ ಹತ್ತಿರ ಏಳು ಗಂಟೆ! ಅಷ್ಟು ಪೆಟ್ರೋಲ್ ಎಲ್ಲಿಂದ ತರುವುದು? ಪ್ಯಾಟಗೋನಿಯಾದಲ್ಲಿ ಅಂಥ ಗಾಳಿ ಅಪರೂಪವೂ ಅಲ್ಲ. ಈ ದಾರಿಯಲ್ಲೇ ಒಮ್ಮೆ ಪಶ್ಚಿಮದ ಬಿರುಗಾಳಿ ಅವನ ವಿಮಾನವನ್ನು ಸಮುದ್ರದ ಮೇಲಕ್ಕೆ ತಳ್ಳಿತು. ಎಂಜಿನ್ ಪೂರ್ತಿ ಶಕ್ತಿಯಲ್ಲಿ ಓಡುತ್ತಿದ್ದರೂ ವಿಮಾನ ಹೆಚ್ಚುಕಡಿಮೆ ನಿಂತಲ್ಲೇ ನಿಂತಿತ್ತು. ಕಣ್ಣಿಗೆ ಕಾಣುವ ದಡವನ್ನು ಮುಟ್ಟಲು ಬಹಳ ಹೊತ್ತು ಹೆಣಗಬೇಕಾಯಿತು.

ನನಗೆ ಬಾಕಿಯಿರುವ ಪೇಪರ್‌ಗಳಲ್ಲಿ ಒಂದು ಫ್ಲೂಯಿಡ್ ಮೆಕ್ಯಾನಿಕ್ಸ್. ಈ ಲೆಕ್ಕ ಮಾಡಿದ ರಾತ್ರಿ ಆ ಪುಸ್ತಕವನ್ನು ಮತ್ತೆ ತೆಗೆದೆ ಎಂಬುದು ನಿಜ.

ಹಗಲು ರೈಲು, ಹಡಗುಗಳಿಗಿಂತ ಮುಂದೆ ಹೋದ ವಿಮಾನ ರಾತ್ರಿ ನೆಲದಲ್ಲಿ ನಿಂತರೆ ಗಳಿಸಿದ ಸಮಯವೆಲ್ಲ ಕೈತಪ್ಪುತ್ತದೆ. ಅದಕ್ಕೇ ಅಂಚೆ ಕಂಪನಿ ಕತ್ತಲಲ್ಲೂ ಹಾರಿಸಿತು, ಪೈಲಟ್‌ಗಳು ಸತ್ತರು. 1931ರ ಅವನ 'ನೈಟ್ ಫ್ಲೈಟ್' ಕಾದಂಬರಿ ಇದರ ಬಗ್ಗೆಯೇ. ಕೆಲವು ಗಂಟೆ ಬೇಗ ತಲುಪುವ ಕಾಗದಕ್ಕೆ ಒಂದು ಜೀವ ತೆರಬೇಕೇ ಎಂಬ ಪ್ರಶ್ನೆಗೆ ಅದರಲ್ಲಿ ನನಗೆ ಒಪ್ಪಿಗೆಯಾಗುವ ಉತ್ತರ ಸಿಗಲಿಲ್ಲ.

1944ರ ಜುಲೈ 31ರಂದು ಕಾರ್ಸಿಕಾದಿಂದ ಯುದ್ಧದ ವಿಚಕ್ಷಣೆಗೆ ಒಬ್ಬನೇ ಹೊರಟವನು ಮರಳಲಿಲ್ಲ. ವಿಮಾನದ ಅವಶೇಷ ಮಾರ್ಸೇಲ್ ಬಳಿಯ ಸಮುದ್ರದಡಿ ಸಿಕ್ಕಿದ್ದು 2000ದಲ್ಲಿ. ಅದು ಅವನದೇ ಎಂದು ಖಚಿತವಾಗಲು ಇನ್ನೂ ನಾಲ್ಕು ವರ್ಷ ಬೇಕಾಯಿತು.