ಕಲ್ಲಚ್ಚಿನಲ್ಲಿ ಸುದ್ದಿ ಕೊಟ್ಟ ಮೋಗ್ಲಿಂಗ್

ಬೆಳಿಗ್ಗೆ ಎದ್ದ ಕೂಡಲೇ ನಿಮ್ಮ ಕೈ ಮೊದಲು ಎಲ್ಲಿಗೆ ಹೋಗುತ್ತದೆ? ನಮ್ಮ ಹಿರಿಯರು ಹಾಸಿಗೆಯಿಂದ ಏಳುವ ಮುನ್ನ ಹಣೆಗೆ ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದರು. ಇಂದು ನಮ್ಮಲ್ಲಿ ಅನೇಕರ ಕೈ ದಿಂಬಿನ ಪಕ್ಕದಲ್ಲಿರುವ ಮೊಬೈಲಿಗೆ ಹೋಗುತ್ತದೆ. ಚನ್ನಗಿರಿಯ ತೋಟದವರಿಗೆ ಅಡಿಕೆ ಧಾರಣೆ ಬೇಕು. ಹೊನ್ನಾಳಿಯ ಹೊಳೆದಂಡೆಯವರಿಗೆ ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟರೇ ಎಂಬುದು ಬೇಕು. ಜಗಳೂರಿನವರಿಗೆ ಮಳೆಯ ಸುದ್ದಿ ಬೇಕು. ನ್ಯಾಮತಿಯ ಮನೆಯೊಂದರಲ್ಲಿ ಕುಳಿತ ಹುಡುಗ ಮೊಬೈಲಿನಲ್ಲಿ ಆಟವಾಡುತ್ತಲೇ ದೂರದೇಶದ ಯುದ್ಧದ ಸುದ್ದಿಯನ್ನು ತಂದೆತಾಯಿಗಳಿಗಿಂತ ಮೊದಲೇ ತಿಳಿದುಕೊಂಡಿರುತ್ತಾನೆ.

ಸುದ್ದಿಗೆ ಹಸಿಯುವುದು ತಪ್ಪಲ್ಲ. ದೇವರು ನಮಗೆ ಕಿವಿ ಕೊಟ್ಟಿರುವುದು ಕೇಳುವುದಕ್ಕೇ. ಆದರೆ ಕೇಳಿದ್ದೆಲ್ಲ ನಿಜವೇ? ನಿಜವಲ್ಲದ್ದನ್ನು ನಾವು ಮುಂದೆ ದಾಟಿಸಿದರೆ ಆ ಪಾಪ ಯಾರದು? ಈ ಪ್ರಶ್ನೆ ಮೊಬೈಲಿನೊಂದಿಗೆ ಹುಟ್ಟಿದ್ದಲ್ಲ. ನೂರ ಎಂಬತ್ತು ವರ್ಷಗಳಿಗೂ ಹಿಂದೆ ನಮ್ಮ ಕನ್ನಡ ನಾಡಿನಲ್ಲೇ ಒಬ್ಬ ಮನುಷ್ಯ ಇದನ್ನು ಚಿಂತಿಸಿದ್ದ. ಅವನ ಹೆಸರು ಹರ್ಮನ್ ಮೋಗ್ಲಿಂಗ್. ಈ ವಾರ ಅವನ ಜೀವನವನ್ನು ನಿಮ್ಮ ಮುಂದಿಡುತ್ತಿದ್ದೇವೆ.

ಮೋಗ್ಲಿಂಗ್ ಹುಟ್ಟಿದ್ದು 1811ರಲ್ಲಿ, ಇಂದಿನ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಬ್ರಾಕೆನ್‌ಹೈಮ್ ಎಂಬ ಊರಿನಲ್ಲಿ. ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ದೇವಶಾಸ್ತ್ರ ಓದಿದ. ಊರಿನಲ್ಲೇ ಒಂದು ದೇವಾಲಯದ ಉಸ್ತುವಾರಿ ವಹಿಸಿಕೊಂಡು ನೆಮ್ಮದಿಯಿಂದ ಇರಬಹುದಾಗಿದ್ದ ಯುವಕ ಬಾಸೆಲ್ ಮಿಷನ್ ಸೇರಿ 1836ರಲ್ಲಿ ಮಂಗಳೂರಿಗೆ ಬಂದ. ಆಗ ಅವನಿಗೆ ಇಪ್ಪತ್ತೈದು ವರ್ಷ.

ಅವನು ನಮ್ಮ ಧರ್ಮಸಭೆಯವನಲ್ಲ, ಪ್ರೊಟೆಸ್ಟೆಂಟ್ ಮಿಷನರಿ. ಆ ಕಾಲದಲ್ಲಿ ಕಥೋಲಿಕರಿಗೂ ಪ್ರೊಟೆಸ್ಟೆಂಟರಿಗೂ ಅಷ್ಟಾಗಿ ಹೊಂದಿಕೆ ಇರಲಿಲ್ಲ. ಅವನು ಬಂದದ್ದು ತನ್ನ ಮತವನ್ನು ಸಾರುವುದಕ್ಕೇ ಎಂಬುದನ್ನೂ ಮುಚ್ಚಿಡಬೇಕಾಗಿಲ್ಲ. ಆದರೂ ಒಳ್ಳೆಯದನ್ನು ಯಾರು ಮಾಡಿದರೂ ಅದು ಒಳ್ಳೆಯದೇ ಅಲ್ಲವೇ?

ಬಂದವನು ಮೊದಲು ಮಾಡಿದ ಕೆಲಸ ಕನ್ನಡ ಕಲಿತದ್ದು. ಕೇವಲ ಬೋಧನೆಗೆ ಬೇಕಾದಷ್ಟು ಕಲಿತು ಸುಮ್ಮನಾಗಲಿಲ್ಲ. ಗಾದೆಗಳನ್ನೂ ಹಾಡುಗಳನ್ನೂ ಕಥೆಗಳನ್ನೂ ಕಲಿತ. ಜನರ ನಡುವೆ ಓಡಾಡುವಾಗ ಅವನು ಒಂದು ಸಂಗತಿ ಗಮನಿಸಿದ. ಈ ಸೀಮೆಯ ಜನರಿಗೆ ಸುದ್ದಿ ಎಂದರೆ ಬಹಳ ಪ್ರೀತಿ. ದಾರಿಯಲ್ಲಿ ಇಬ್ಬರು ಎದುರಾದರೆ ಮೊದಲ ಮಾತೇ ಏನು ಸುದ್ದಿ ಎಂಬುದು. ಒಬ್ಬ ಏನೋ ಹೇಳುತ್ತಾನೆ. ಕೇಳಿದವನು ಅದಕ್ಕೆ ಸ್ವಲ್ಪ ಸೇರಿಸಿ ಮತ್ತೊಬ್ಬನಿಗೆ ಹೇಳುತ್ತಾನೆ. ಮರುದಿನ ಅದು ಸುಳ್ಳೆಂದು ತಿಳಿದರೆ ಯಾರೂ ನಾಚುವುದಿಲ್ಲ, ಅಷ್ಟರಲ್ಲಿ ಬೇರೊಂದು ಸುದ್ದಿ ಬಂದಿರುತ್ತದೆ. ಓದುಗರೇ, ಇದು ನಿಮ್ಮ ಬೀದಿಯ ಕಥೆಯಂತೆಯೇ ಕೇಳಿಸುವುದಿಲ್ಲವೇ?

ಬೇರೊಬ್ಬನಾಗಿದ್ದರೆ ಜನರನ್ನು ಗದರಿಸಿ ಬಾಯಿ ಮುಚ್ಚಿಸಲು ನೋಡುತ್ತಿದ್ದ. ಮೋಗ್ಲಿಂಗ್ ಹಾಗೆ ಮಾಡಲಿಲ್ಲ. ಹಸಿದವನಿಗೆ ಹಸಿಯಬೇಡ ಎನ್ನುವುದಕ್ಕಿಂತ ಒಳ್ಳೆಯ ಊಟ ಬಡಿಸುವುದು ಮೇಲು. ಹೀಗೆ 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಬಂದಿತು. ಜನರ ಈ ಸುದ್ದಿಯ ಚಟವನ್ನೂ, ನಂಬಬಹುದಾದ ವರ್ತಮಾನದ ಅಗತ್ಯವನ್ನೂ ಅದರ ಮೊದಲ ಸಂಚಿಕೆಯಲ್ಲೇ ಅವನು ವಿವರಿಸಿದ್ದ.

ಆ ದಿನಗಳನ್ನು ಸ್ವಲ್ಪ ಕಲ್ಪಿಸಿಕೊಳ್ಳಿ. ಭಾರತದಲ್ಲಿ ಪ್ರಯಾಣಿಕರ ರೈಲು ಓಡಿದ್ದು 1853ರಲ್ಲಿ. ಇಡೀ ದೇಶಕ್ಕೆ ಒಂದೇ ದರದ ಅಂಚೆ ಬಂದದ್ದು 1854ರಲ್ಲಿ. ಇಂದಿನ ಚನ್ನಗಿರಿ, ಹೊನ್ನಾಳಿ ಸೀಮೆಗಳು ಮೈಸೂರು ರಾಜ್ಯದಲ್ಲಿದ್ದವು, ಅರಮನೆಯ ಕೈತಪ್ಪಿದ ಆಡಳಿತವನ್ನು ಬ್ರಿಟಿಷ್ ಕಮಿಷನರ್ ಕಬ್ಬನ್ ನಡೆಸುತ್ತಿದ್ದ. ಹೊರಗಿನ ಸುದ್ದಿ ಬರಬೇಕಾದರೆ ಸಂತೆಗೆ ಬಂದ ವ್ಯಾಪಾರಿ, ಗಾಡಿ ಹೊಡೆಯುವವ, ಯಾತ್ರಿಕ ಇವರ ಬಾಯಿಂದಲೇ ಬರಬೇಕು. ದೂರದ ಊರಿನಲ್ಲಿ ನಡೆದದ್ದು ನಮ್ಮ ಊರಿಗೆ ಬರುವಷ್ಟರಲ್ಲಿ ಇಲಿ ಹುಲಿಯಾಗಿರುತ್ತಿತ್ತು.

'ಮಂಗಳೂರ ಸಮಾಚಾರ' ಹದಿನೈದು ದಿನಕ್ಕೊಮ್ಮೆ ಬರುವ ನಾಲ್ಕು ಪುಟಗಳ ಪತ್ರಿಕೆ. ಬೆಲೆ ಒಂದು ದುಡ್ಡು. ಅದನ್ನು ಮುದ್ರಿಸಿದ್ದು ಕಲ್ಲಚ್ಚಿನಲ್ಲಿ. ನಯವಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಲ್ಲಿ ಅಕ್ಷರ ಮೂಡಿಸಿ, ಕಲ್ಲನ್ನು ಒದ್ದೆ ಮಾಡುತ್ತಾರೆ. ಜಿಡ್ಡಿಗೂ ನೀರಿಗೂ ಆಗಿಬರುವುದಿಲ್ಲ. ಆದ್ದರಿಂದ ಮೇಲೆ ಮಸಿಯ ಉರುಳೆ ಎಳೆದಾಗ ಅಕ್ಷರ ಇದ್ದಲ್ಲಿ ಮಾತ್ರ ಮಸಿ ಹಿಡಿಯುತ್ತದೆ. ಅದರ ಮೇಲೆ ಕಾಗದ ಒತ್ತಿ ಒಂದೊಂದೇ ಪ್ರತಿ ತೆಗೆಯಬೇಕು. ಒಂದು ಸಾಲು ತಪ್ಪಿದರೆ ತಿದ್ದುವುದು ಸುಲಭವಲ್ಲ. ಬರೆಯುವ ಮುನ್ನವೇ ಯೋಚಿಸಬೇಕಾಗುತ್ತಿತ್ತು!

ಆ ನಾಲ್ಕು ಪುಟಗಳಲ್ಲಿ ಏನಿತ್ತು? ಊರಿನ ವರ್ತಮಾನ ಒಂದು ಕಡೆ. ಕಂಪನಿ ಸರ್ಕಾರದ ಆಜ್ಞೆ, ಕಾನೂನು ಇನ್ನೊಂದು ಕಡೆ. ಬೇರೆ ರಾಜ್ಯ, ಬೇರೆ ದೇಶಗಳ ಸುದ್ದಿ ಮತ್ತೊಂದು ಕಡೆ. ಬುದ್ಧಿಮಾತು, ಕಥೆ, ಪುರಂದರದಾಸರ ಹಾಡು ಬೇರೆ. ಇದರಲ್ಲಿ ಒಂದು ದೊಡ್ಡ ಪಾಠವಿದೆ. ಓದುವವನಿಗೆ ಇದು ಕಥೆ, ಇದು ಸರ್ಕಾರದ ಆಜ್ಞೆ, ಇದು ದೂರದಿಂದ ಬಂದ ವರ್ತಮಾನ ಎಂದು ಕಣ್ಣಿಗೇ ತಿಳಿಯುತ್ತಿತ್ತು. ನಮ್ಮ ಮೊಬೈಲಿನಲ್ಲಾದರೋ ಸರ್ಕಾರದ ಆದೇಶ, ಯಾರೋ ಹೆಣೆದ ಕಟ್ಟುಕಥೆ, ಮದ್ದಿಲ್ಲದ ರೋಗಕ್ಕೆ ಮದ್ದು, ಸಂತರ ಚಿತ್ರ, ಕೊಲೆಯ ಚಿತ್ರ ಎಲ್ಲವೂ ಒಂದೇ ರಾಶಿಯಲ್ಲಿ ಬಂದು ಬೀಳುತ್ತವೆ. ಕಾಳು ಯಾವುದು, ಜೊಳ್ಳು ಯಾವುದು ಎಂದು ಕೇರುವ ಮೊರ ನಮ್ಮ ಕೈಯಲ್ಲೇ ಇರಬೇಕು.

ಇನ್ನೊಂದು ಮಾತು. ಆ ಪತ್ರಿಕೆಗೆ ಒಂದು ಅಚ್ಚುಕೂಟವಿತ್ತು, ಉತ್ತರ ಹೇಳಬೇಕಾದ ಒಬ್ಬ ಮನುಷ್ಯನಿದ್ದ. ತಪ್ಪು ಕಂಡವರು ಹೋಗಿ ಕೇಳಬಹುದಿತ್ತು. ಇಂದು ನಮಗೆ ಬರುವ ಅನೇಕ ಸಂದೇಶಗಳಿಗೆ ತಂದೆಯೂ ಇಲ್ಲ, ತಾಯಿಯೂ ಇಲ್ಲ.

ಕಲ್ಲಚ್ಚಿನಿಂದ ಸಾಕಷ್ಟು ಪ್ರತಿ ತೆಗೆಯುವುದು ಕಷ್ಟವಾಯಿತು. 1844ರಲ್ಲಿ ಪತ್ರಿಕೆ ಬಳ್ಳಾರಿಗೆ ಹೋಯಿತು. ಅಲ್ಲಿ ಅಚ್ಚಿನ ಮೊಳೆಗಳಿದ್ದವು. ಹೆಸರೂ 'ಕನ್ನಡ ಸಮಾಚಾರ' ಎಂದಾಯಿತು. ಕರಾವಳಿಯ ಒಂದು ಊರಿನ ಹೆಸರು ಹೊತ್ತಿದ್ದ ಪತ್ರಿಕೆ ಇಡೀ ಕನ್ನಡ ಸೀಮೆಯ ಹೆಸರು ಹೊತ್ತು ಬಯಲುಸೀಮೆಗೆ, ನಮ್ಮ ಜಗಳೂರಿನ ಪಕ್ಕದ ನಾಡಿಗೆ ಬಂದಿತು. ಅಲ್ಲಿ ಅದು ಬಹಳ ಕಾಲ ಬಾಳಲಿಲ್ಲ. ಆದರೆ ಬಿತ್ತಿದ ಬೀಜ ಸಾಯಲಿಲ್ಲ. ಜುಲೈ 1ನ್ನು ಕರ್ನಾಟಕದಲ್ಲಿ ಪತ್ರಿಕಾ ದಿನವೆಂದು ಆಚರಿಸುವುದು ಈ ಪತ್ರಿಕೆಯ ನೆನಪಿಗೇ.

ಮೋಗ್ಲಿಂಗನ ಮನೆಯ ವಿಷಯವನ್ನೂ ಹೇಳಬೇಕು. 1844ರಲ್ಲಿ ಆನಂದರಾವ್ ಕೌಂಡಿಣ್ಯ ಎಂಬ ಬ್ರಾಹ್ಮಣ ಯುವಕ ದೀಕ್ಷಾಸ್ನಾನ ಪಡೆದ. ಮಂಗಳೂರಿನಲ್ಲಿ ದೊಡ್ಡ ಗಲಭೆಯೇ ಆಯಿತು. ಮನೆಯವರಿಂದ ದೂರವಾದ ಆ ಹುಡುಗನನ್ನು ಮೋಗ್ಲಿಂಗ್ ಮಗನಂತೆ ನೋಡಿಕೊಂಡ. ಮಗನನ್ನು ಕಳೆದುಕೊಂಡ ಆ ಮನೆಯವರ ನೋವನ್ನೂ ನಾವು ಮರೆಯಬಾರದು. ಮುಂದೆ 1855ರಲ್ಲಿ ಅವನ ಬಂಧುವೂ ಜೊತೆಯ ಮಿಷನರಿಯೂ ಆಗಿದ್ದ ವೀಗ್ಲೆ ತೀರಿಕೊಂಡ. ಅವನ ವಿಧವೆ ಪೌಲಿನಳನ್ನು ಮೋಗ್ಲಿಂಗ್ ಮದುವೆಯಾಗಿ, ತಂದೆಯಿಲ್ಲದ ಆ ಮಕ್ಕಳಿಗೆ ತಂದೆಯಾದ.

ಪತ್ರಿಕೆ ನಿಂತರೂ ಅವನ ಲೇಖನಿ ನಿಲ್ಲಲಿಲ್ಲ. ತಾಳೆಗರಿಗಳಲ್ಲಿ ಹುದುಗಿದ್ದ ಹಳೆಯ ಕನ್ನಡ ಕಾವ್ಯಗಳು ಹುಳು ಹಿಡಿದು ನಾಶವಾಗುವ ಮುನ್ನ ಅಚ್ಚು ಹಾಕಿಸಬೇಕೆಂದು ಹೊರಟ. ನಿವೃತ್ತ ಅಧಿಕಾರಿ ಕ್ಯಾಸಮೇಜರ್ ಎಂಬವರು ಹಣ ಒದಗಿಸಿದರು. 1848ರಿಂದ 'ಬಿಬ್ಲಿಯೋಥಿಕಾ ಕರ್ನಾಟಿಕಾ' ಎಂಬ ಮಾಲೆಯಲ್ಲಿ ಜೈಮಿನಿ ಭಾರತ, ತೊರವೆ ರಾಮಾಯಣ, ಬಸವ ಪುರಾಣ, ದಾಸರ ಪದಗಳು ಅಚ್ಚಾದವು. ತನ್ನ ಮತವನ್ನು ಸಾರಲು ಬಂದವನು ಬೇರೆ ಮತದವರ ಭಕ್ತಿಗ್ರಂಥಗಳನ್ನು ಇಷ್ಟು ಆಸ್ಥೆಯಿಂದ ಅಚ್ಚು ಹಾಕಿಸಿದ್ದೇಕೆ? ನೆರೆಯವನ ಮನಸ್ಸನ್ನು ಅರಿಯಬೇಕಾದರೆ ಅವನ ಬಗ್ಗೆ ಹಬ್ಬಿದ ಮಾತನ್ನು ಕೇಳಿದರೆ ಸಾಲದು, ಅವನ ಹಾಡನ್ನೇ ಕೇಳಬೇಕು. ದಾಸರ ಪದಗಳನ್ನು ಅವನು ಜರ್ಮನ್ ಭಾಷೆಗೂ ತಿರುಗಿಸಿದ. 1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವನಿಗೆ ಗೌರವ ಡಾಕ್ಟರೇಟ್ ನೀಡಿತು.

1853ರಲ್ಲಿ ಅವನು ಕೊಡಗಿಗೆ ಹೋದ. 1855ರಲ್ಲಿ ಕೊಡಗಿನ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಗ್ರಂಥ ಪ್ರಕಟಿಸಿದ. 1860ರಲ್ಲಿ ಪತ್ನಿಯ ಅನಾರೋಗ್ಯದಿಂದಾಗಿ ಭಾರತವನ್ನು ಬಿಡಬೇಕಾಯಿತು. ಮತ್ತೆ ಈ ನಾಡನ್ನು ಕಾಣುವ ಭಾಗ್ಯ ಅವನಿಗೆ ಒದಗಲಿಲ್ಲ. 1881ರ ಮೇ 10ರಂದು ಜರ್ಮನಿಯ ಎಸ್‌ಲಿಂಗನ್‌ನಲ್ಲಿ ತೀರಿಕೊಂಡ.

ಪ್ರಿಯ ವಾಚಕರೇ, ಇದು ಹಳೆಯ ಕಥೆ, ನಮಗೇಕೆ ಎನ್ನುತ್ತೀರಾ? ಹಾಗಾದರೆ ಹತ್ತಿರದ ಒಂದು ಕಥೆ ಕೇಳಿ. 2018ರ ಜುಲೈ 13. ಬೀದರ್ ಜಿಲ್ಲೆಯ ಮುರ್ಕಿ ಗ್ರಾಮ. ಕಾರಿನಲ್ಲಿ ಹೋಗುತ್ತಿದ್ದ ಕೆಲವು ಯುವಕರು ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು. ಅಷ್ಟಕ್ಕೇ ಅವರು ಮಕ್ಕಳ ಕಳ್ಳರೆಂದು ಮೊಬೈಲಿನಿಂದ ಮೊಬೈಲಿಗೆ ಸಂದೇಶ ಹಾರಿತು. ಕಾರು ಮುಂದಿನ ಊರು ಸೇರುವ ಮುನ್ನವೇ ಸಂದೇಶ ಸೇರಿತ್ತು. ಜನ ಕಾದಿದ್ದರು. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟಾಯಿತು. ಹೈದರಾಬಾದಿನ ಒಬ್ಬ ಎಂಜಿನಿಯರ್ ಯುವಕ ಪ್ರಾಣ ಕಳೆದುಕೊಂಡ. ಅದೇ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನಲ್ಲೂ ಇಂತಹದೇ ಗುಮಾನಿಯಿಂದ ಒಬ್ಬನ ಕೊಲೆಯಾಗಿತ್ತು. ಆ ಬಳಿಕ ಭಾರತದಲ್ಲಿ ವಾಟ್ಸ್ಆ್ಯಪ್ ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ಕಳಿಸದಂತೆ ಮಿತಿ ಹಾಕಲಾಯಿತು.

ಯೋಚಿಸಿ ನೋಡಿ. ಮುರ್ಕಿಯಲ್ಲಿ ಕಲ್ಲು ದೊಣ್ಣೆ ಹಿಡಿದವರು ಕೆಲವರು. ಮನೆಯಲ್ಲೇ ಕುಳಿತು ಬೆರಳಿನಿಂದ ಒಂದು ಗುಂಡಿ ಒತ್ತಿದವರು ಎಷ್ಟು ಮಂದಿಯೋ! ಅವರಲ್ಲಿ ಮಕ್ಕಳ ಮೇಲಿನ ಪ್ರೀತಿಯಿಂದಲೇ ಕಳಿಸಿದ ತಾಯಂದಿರೂ ಇದ್ದಿರಬಹುದು. ಒಳ್ಳೆಯ ಮನಸ್ಸು ಇದ್ದರೆ ಸಾಲದು, ನಿಜವೇ ಎಂದು ಕೇಳುವ ತಾಳ್ಮೆಯೂ ಬೇಕು. ನೆರೆಯವನ ವಿರುದ್ಧ ಸುಳ್ಳು ಸಾಕ್ಷಿ ಹೇಳಬಾರದೆಂಬ ಕಟ್ಟಳೆಯನ್ನು ನಾವು ಬಾಲ್ಯದಲ್ಲೇ ಜ್ಞಾನೋಪದೇಶದ ತರಗತಿಯಲ್ಲಿ ಬಾಯಿಪಾಠ ಮಾಡಿದ್ದೇವೆ. ಆ ಕಟ್ಟಳೆ ನಾಲಿಗೆಗೆ ಮಾತ್ರವಲ್ಲ, ಬೆರಳಿಗೂ ಅನ್ವಯಿಸುತ್ತದೆ. ಜಗದ್ಗುರು ಫ್ರಾನ್ಸಿಸರು 2018ರ ವಿಶ್ವ ಸಂಪರ್ಕ ಮಾಧ್ಯಮ ದಿನದ ಸಂದೇಶವನ್ನು ಸುಳ್ಳು ಸುದ್ದಿಯ ಬಗ್ಗೆಯೇ ನೀಡಿ, ಏದೆನ್ ತೋಟದ ಸರ್ಪವನ್ನು ನೆನಪಿಸಿದ್ದರು. ಹವ್ವಳಿಗೆ ಸರ್ಪ ಹೇಳಿದ್ದೂ ಹಿತವಾದ ಮಾತಿನಂತೆಯೇ ಇತ್ತಲ್ಲವೇ?

ಹಾಗಾದರೆ ನಮ್ಮ ಮನೆಗಳಲ್ಲಿ ಏನು ಮಾಡೋಣ? ಮೊಬೈಲನ್ನು ಹೊಳೆಗೆ ಎಸೆಯುವುದು ಬೇಡ. ಸಂಜೆ ಜಪಸರವಾದ ಮೇಲೆ ಹತ್ತು ನಿಮಿಷ ಎಲ್ಲರೂ ಒಟ್ಟಿಗೆ ಕೂರಿ. ಅಂದು ಯಾರಿಗೆ ಯಾವ ಸುದ್ದಿ ಬಂತು ಎಂದು ಕೇಳಿ. ಅದನ್ನು ಹೇಳಿದವರು ಯಾರು, ಅವರು ಕಣ್ಣಾರೆ ಕಂಡರೇ, ಬೇರೆ ಯಾವ ಪತ್ರಿಕೆಯಲ್ಲಾದರೂ ಬಂದಿದೆಯೇ ಎಂದು ಮಕ್ಕಳ ಜೊತೆ ಸೇರಿ ವಿಚಾರಿಸಿ. ಅವರು ಆಡುವ ಆಟದಲ್ಲಿ ಜೊತೆಗಿರುವವರು ಯಾರು, ಅವರು ಏನು ಮಾತಾಡುತ್ತಾರೆ ಎಂಬುದನ್ನೂ ಗದರದೆ ಕೇಳಿ. ಗದರಿದರೆ ಮಗು ಮೊಬೈಲನ್ನು ಮುಚ್ಚಿಡುವುದಿಲ್ಲ, ತನ್ನ ಮನಸ್ಸನ್ನು ಮುಚ್ಚಿಡುತ್ತದೆ. ಖಾತ್ರಿಯಿಲ್ಲದ ಸುದ್ದಿಯನ್ನು ಒಂದು ರಾತ್ರಿ ತಡೆದಿಡಿ. ಮೋಗ್ಲಿಂಗನ ಓದುಗರು ಹದಿನೈದು ದಿನ ಕಾಯುತ್ತಿದ್ದರು, ನಾವು ಒಂದು ರಾತ್ರಿ ಕಾಯಲಾರೆವೇ?

ನಾಳೆ ಬೆಳಿಗ್ಗೆ ಎದ್ದಾಗ ಕೈ ಮೊದಲು ಹಣೆಗೆ ಹೋಗಲಿ. ಆಮೇಲೆ ಮೊಬೈಲಿಗೆ ಹೋದರೂ ಚಿಂತೆಯಿಲ್ಲ. ಶಿಲುಬೆಯ ಗುರುತು ಹಾಕಿದ ಬೆರಳು ಸುಳ್ಳನ್ನು ದಾಟಿಸುವ ಮುನ್ನ ಒಂದು ಕ್ಷಣವಾದರೂ ತಡೆಯುತ್ತದೆ.