ಹೆರ್ಮನ್ ಮೋಗ್ಲಿಂಗ್ ಅಯ್ಯನವರ ಚರಿತ್ರೆ

ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಮೈಲಾರದ ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಕಾರಣಿಕವನ್ನು ನಮ್ಮ ಸೀಮೆಯಲ್ಲಿ ಅರಿಯದವರು ವಿರಳ. ಮೈಲಾರವು ಮುಂಚೆ ಬಳ್ಳಾರಿ ಜಿಲ್ಲೆಗೆ ಸೇರಿತ್ತು. 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಆ ಒಂದು ಮಾತನ್ನು ಬಳ್ಳಾರಿ ಸತ್ಯನಾರಾಯಣಪೇಟೆಯ ಪೇಟೆಯವರೂ, ಸಿರುಗುಪ್ಪದ ಭತ್ತದ ಗದ್ದೆಯ ರೈತರೂ, ಕುರುಗೋಡಿನವರೂ ಮಳೆಬೆಳೆಗಳಿಗೂ ರಾಜ್ಯಭಾರಕ್ಕೂ ಹೊಂದಿಸಿ ಅರ್ಥ ಹೇಳಿಕೊಳ್ಳುತ್ತಾರೆ. ಹೀಗಿರಲಾಗಿ, ಸಭೆಗೆ ಸೇರಿದ ನಾವು ಇಂಥ ನುಡಿಗಳನ್ನೂ ನಮ್ಮ ಹಿರಿಯರ ಹಾಡುಕಥೆಗಳನ್ನೂ ಏನು ಮಾಡತಕ್ಕದ್ದು? ಅವುಗಳನ್ನು ನಂಬಬೇಕೋ, ಇಲ್ಲವೆ ಕಸವೆಂದು ಬಿಸಾಡಬೇಕೋ? ಈ ಪ್ರಶ್ನೆಯನ್ನು ತನ್ನ ಜೀವಮಾನದಲ್ಲಿ ಎದುರಿಸಿದ ಒಬ್ಬ ದೇವಸೇವಕರ ಚರಿತ್ರೆಯನ್ನು ಈ ತಿಂಗಳು ಹೇಳುವೆವು.

ಹೆರ್ಮನ್ ಮೋಗ್ಲಿಂಗ್ ಅಯ್ಯನವರು ಜರ್ಮನಿ ದೇಶದ ವುರ್ಟೆಂಬರ್ಗ್ ಸೀಮೆಯಲ್ಲಿ 1811ನೇ ಇಸವಿಯಲ್ಲಿ ಹುಟ್ಟಿದರು. ಟ್ಯೂಬಿಂಗನ್ ಪಟ್ಟಣದಲ್ಲಿ ವೇದಶಾಸ್ತ್ರವನ್ನು ಕಲಿತು, ಬಾಸೆಲ್ ಮಿಶನ್ನಿನ ಸೇವೆಗೆ ಒಪ್ಪಿಕೊಂಡು, 1836ರ ಕೊನೆಯಲ್ಲಿ ಮಂಗಳೂರಿಗೆ ಬಂದು ಇಳಿದರು. ಕನ್ನಡವನ್ನು ಶ್ರದ್ಧೆಯಿಂದ ಕಲಿತ ಮೇಲೆ ಘಟ್ಟವನ್ನು ಹತ್ತಿ ಧಾರವಾಡ ಹುಬ್ಬಳ್ಳಿಗಳ ಕಡೆಗೆ ಹೋಗಿ, ಹಳ್ಳಿಹಳ್ಳಿ ತಿರುಗಿ ಸುವಾರ್ತೆಯನ್ನು ಸಾರಿದರು.

ಅಲ್ಲಿ ಒಂದು ಆಶ್ಚರ್ಯಕರವಾದ ಸಂಗತಿ ನಡೆಯಿತು. ಕಾಲಜ್ಞಾನವೆಂಬ ನುಡಿಗಳು ಬಹುಕಾಲದಿಂದ ಈ ನಾಡಿನಲ್ಲಿ ಹರಡಿದ್ದವು. ಲೋಕವು ಕೆಡುವುದೆಂದೂ, ವಸಂತರಾಯನೆಂಬ ಒಡೆಯನು ಬರುವನೆಂದೂ, ಕಲ್ಯಾಣವು ತಿರಿಗಿ ಏಳುವುದೆಂದೂ ಅವು ಹೇಳುತ್ತವೆ. ಇಂಥ ನುಡಿಗಳನ್ನು ನೆಚ್ಚಿಕೊಂಡಿದ್ದ ಕೆಲವರು ಪಾದ್ರಿಗಳ ಉಪದೇಶವನ್ನು ಕೇಳಿ, ತಮ್ಮ ಕಾಲಜ್ಞಾನದಲ್ಲಿ ಹೇಳಿದ ಕಾಲವು ಒದಗಿ ಬಂದಿತೆಂದು ತಿಳಿದು ಅವರ ಬಳಿಗೆ ಬಂದರು. ಮೋಗ್ಲಿಂಗ್ ಅಯ್ಯನವರ ಹೃದಯವು ಸಂತೋಷದಿಂದ ತುಂಬಿತು. ಬರುವವರೆಲ್ಲರೂ ಒಂದೇ ಕಡೆಯಲ್ಲಿ ಒಕ್ಕಲುತನ ಮಾಡಿಕೊಂಡು ಬಾಳಲಿ ಎಂದು ಗದಗಿನ ಸೀಮೆಯ ಮಲಸಮುದ್ರದಲ್ಲಿ ಭೂಮಿಯನ್ನು ದೊರಕಿಸಿ, 1841ರಲ್ಲಿ ಒಂದು ಊರನ್ನೇ ಕಟ್ಟುವ ಏರ್ಪಾಡಾಯಿತು.

ಆದರೆ ಎದುರುನೋಡಿದ ಗುಂಪುಗಳು ಬರಲಿಲ್ಲ. ನುಡಿಯು ಕೈಗೂಡುವುದನ್ನು ಕಾಣಬೇಕೆಂಬ ಆಸೆ ಒಂದು, ಮನಸ್ಸನ್ನು ತಿರುಗಿಸಿ ಹೊಸ ಜೀವವನ್ನು ಕೈಕೊಳ್ಳುವುದು ಮತ್ತೊಂದು. ಮೊದಲನೆಯದಕ್ಕೆ ಕಿವಿಗಳು ಸಾಕು. ಎರಡನೆಯದಕ್ಕೆ ಮನೆ, ಕುಲ, ಮಾನ ಎಲ್ಲವನ್ನೂ ಪಣಕ್ಕೆ ಇಡಬೇಕಾಗುತ್ತದೆ. ಬಾಗಿಲ ಬಳಿಗೆ ಕರೆತಂದ ಕಾಲಜ್ಞಾನವು ಅವರನ್ನು ಹೊಸಲು ದಾಟಿಸಲಾರದೆ ಹೋಯಿತು.

ಇಂಥ ನಿರಾಶೆಯನ್ನು ಉಂಡ ಬೇರೊಬ್ಬನಾದರೆ, ಈ ಜನರ ಹಾಡು ಕಥೆಗಳೆಲ್ಲಾ ಮೋಸವೆಂದು ಕಿವಿ ಮುಚ್ಚಿಕೊಳ್ಳುತ್ತಿದ್ದನು. ಮೋಗ್ಲಿಂಗ್ ಅಯ್ಯನವರು ಹಾಗೆ ಮಾಡಲಿಲ್ಲ. ಮಂಗಳೂರಿಗೆ ಹಿಂದಿರುಗಿ, 1843ನೇ ಇಸವಿ ಜುಲೈ 1ರಂದು ಮಂಗಳೂರ ಸಮಾಚಾರವೆಂಬ ಪತ್ರಿಕೆಯನ್ನು ಕಲ್ಲಚ್ಚಿನಲ್ಲಿ ಹೊರಡಿಸಿದರು. ಇದೇ ಕನ್ನಡದ ಮೊದಲನೆಯ ವರ್ತಮಾನ ಪತ್ರಿಕೆ. ಊರ ವರ್ತಮಾನಗಳ ಸಂಗಡ ಕಥೆಗಳಿಗೂ ಹಾಡುಗಳಿಗೂ ಅದರಲ್ಲಿ ಸ್ಥಳವಿತ್ತು. ಮರುವರುಷ ಅದು ಕನ್ನಡ ಸಮಾಚಾರವೆಂಬ ಹೆಸರಿನಿಂದ ನಮ್ಮ ಬಳ್ಳಾರಿಯಲ್ಲಿ ಮೊಳೆ ಅಚ್ಚಿನಿಂದ ಮುದ್ರಿತವಾಯಿತು. ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಅಯ್ಯನವರು 1810ರಲ್ಲಿ ಬಳ್ಳಾರಿಗೆ ಬಂದು ಸತ್ಯವೇದವನ್ನು ಕನ್ನಡಕ್ಕೆ ತಿರುಗಿಸುವ ಕೆಲಸಕ್ಕೆ ಕೈಯಿಟ್ಟದ್ದರಿಂದಲೇ ಈ ಊರಿಗೆ ಕನ್ನಡ ಅಚ್ಚಿನ ಭಾಗ್ಯವು ದೊರಕಿತ್ತು.

1848ರಿಂದ ಮೋಗ್ಲಿಂಗ್ ಅಯ್ಯನವರು ಕಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶರ ಧನಸಹಾಯದಿಂದ ಹಳೆಯ ಕನ್ನಡ ಗ್ರಂಥಗಳನ್ನು ಸಾಲಾಗಿ ಅಚ್ಚು ಹಾಕಿಸಿದರು. ಜೈಮಿನಿ ಭಾರತ, ಬಸವಪುರಾಣ, ಗಾದೆಗಳ ಸಂಗ್ರಹ ಇವು ಆ ಸಾಲಿಗೆ ಸೇರಿದವು. ಹಾಡುವವರ ನಾಲಿಗೆಯಲ್ಲಿಯೂ ಕೈಬರಹದ ಪ್ರತಿಗಳಲ್ಲಿಯೂ ಇದ್ದ ದಾಸರ ಪದಗಳು 1850ರಲ್ಲಿ ಪುಸ್ತಕರೂಪವಾದವು. ಹರಿದಾಸರ ದೇವರು ಅವರ ದೇವರಲ್ಲ. ಬಸವಪುರಾಣದ ಮತವೂ ಅವರ ಮತವಲ್ಲ. ಆದರೂ ಒಂದು ಜನವು ಯಾವುದಕ್ಕೆ ಹೆದರುತ್ತದೆ, ಯಾವುದನ್ನು ಹಂಬಲಿಸುತ್ತದೆ, ಪಾಪವನ್ನೂ ಮರಣವನ್ನೂ ಹೇಗೆ ಎಣಿಸುತ್ತದೆ ಎಂಬದನ್ನು ಆ ಜನದ ಹಾಡುಗಳಿಂದಲೇ ಕಲಿಯಬೇಕೆಂದು ಅವರು ಕಂಡುಕೊಂಡಿದ್ದರು. ಕೆಲವು ಪದಗಳನ್ನು ಜರ್ಮನ್ ಭಾಷೆಗೆ ತಿರುಗಿಸಿ ಅಲ್ಲಿಯ ಪಂಡಿತರ ಪತ್ರಿಕೆಯಲ್ಲಿಯೂ ಪ್ರಕಟಿಸಿದರು.

ಮುಂದೆ ಅವರು ಕೊಡಗಿಗೆ ಹೋಗಿ, ದಾಸತ್ವದಲ್ಲಿ ನರಳುತ್ತಿದ್ದ ಹೊಲೆಯರ ನಡುವೆ ಸೇವೆ ಮಾಡಿ, ಆನಂದಪುರವೆಂಬ ಊರನ್ನು ಸ್ಥಾಪಿಸಿದರು. ಕೊಡಗಿನ ವಿಷಯವಾಗಿ ಅವರು ಬರೆದ ಗ್ರಂಥವು 1855ರಲ್ಲಿ ಹೊರಬಂದಿತು. 1860ರಲ್ಲಿ ಸ್ವದೇಶಕ್ಕೆ ತೆರಳಿ, 1881ರಲ್ಲಿ ಕರ್ತನಲ್ಲಿ ನಿದ್ರೆಹೋದರು.

ಈ ಚರಿತ್ರೆಯಿಂದ ನಮಗೆ ಎರಡು ಬುದ್ಧಿಗಳುಂಟು. ಕಾರಣಿಕದ ನುಡಿಯ ಮೇಲೆ ನಂಬಿಕೆಯನ್ನು ಕಟ್ಟುವದು ಮರಳಿನ ಮೇಲೆ ಮನೆ ಕಟ್ಟಿದ ಹಾಗೆ. ಮಲಸಮುದ್ರವು ಇದಕ್ಕೆ ಸಾಕ್ಷಿ. ಹಾಗೆಂದು ನೆರೆಯವರ ಹಾಡುಕಥೆಗಳನ್ನು ಹಾಸ್ಯ ಮಾಡುವದೂ ಸಲ್ಲದು. ದಾಸರ ಪದಗಳ ಪುಸ್ತಕವು ಅದಕ್ಕೆ ಸಾಕ್ಷಿ. ನೆರೆಯವನು ಕಾರಣಿಕದ ಸುದ್ದಿಯನ್ನು ತಂದು ನಮ್ಮ ಜಗಲಿಯ ಮೇಲೆ ಕೂತರೆ, ಅವನನ್ನು ಗದರಿಸಿ ಎಬ್ಬಿಸದಿರೋಣ. ಮಳೆ ಬಾರದೆ ಹೋದೀತೆಂಬ ಅವನ ಭಯವು ಆ ನುಡಿಯೊಳಗೆ ಅಡಗಿರುತ್ತದೆ. ಅದನ್ನು ಮೊದಲು ಕೇಳಿ, ಆಮೇಲೆ ನಮ್ಮ ನಿರೀಕ್ಷೆ ಯಾರಲ್ಲಿ ಇದೆ ಎಂಬದನ್ನು ಸಾತ್ವಿಕತ್ವದಿಂದ ತಿಳಿಸೋಣ.